ಅಂಗಾಲಿನ ಕಪ್ಪು ಮಚ್ಚೆ

ಮೈಬಣ್ಣದ ವಿಷಯವಾಗಿ ನಮ್ಮ ಮನೆಗಳಲ್ಲಿ ನಡೆಯುವ ಮಾತೆಲ್ಲ ಬಹುಮಟ್ಟಿಗೆ ಅಂದಚಂದದ ಮಾತು. ಮಗು ಹುಟ್ಟಿದೊಡನೆ ಬಿಳುಪೋ ಕಪ್ಪೋ ಎಂದು ಕೇಳುವವರುಂಟು. ಹೆಣ್ಣು ನೋಡಲು ಹೋದಾಗ ಕೇಳದವರೇ ಕಡಿಮೆ. ವೈದ್ಯಶಾಸ್ತ್ರದ ದೃಷ್ಟಿಯಲ್ಲಿ ಮಾತ್ರ ಬಣ್ಣವು ಅಲಂಕಾರವಲ್ಲ, ಅಂಗರಕ್ಷಕ. ಈ ಅಂಗರಕ್ಷಕನು ನಮ್ಮನ್ನು ಎಲ್ಲಿ ಕಾಯುತ್ತಾನೆ, ಎಲ್ಲಿ ಕೈಬಿಡುತ್ತಾನೆ, ಕೈಬಿಟ್ಟ ಕಡೆ ನಾವೇ ನಮ್ಮನ್ನು ಹೇಗೆ ಕಾಯ್ದುಕೊಳ್ಳಬೇಕು ಎಂಬುದನ್ನು ಕುರಿತು ಈ ದಿನ ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಚರ್ಮದ ಹೊರಪದರದ ತಳದಲ್ಲಿ ಬಣ್ಣವನ್ನು ತಯಾರಿಸುವ ಜೀವಕೋಶಗಳಿವೆ. ಅವುಗಳನ್ನು ವರ್ಣಕೋಶಗಳೆಂದು ಕರೆಯೋಣ. ಬಿಳಿಯ ಜನರಲ್ಲಿಯೂ ಕರಿಯ ಜನರಲ್ಲಿಯೂ ಇವುಗಳ ಸಂಖ್ಯೆ ಹೆಚ್ಚು ಕಡಿಮೆ ಒಂದೇ. ಅವು ತಯಾರಿಸುವ ಮೆಲನಿನ್ ಎಂಬ ವರ್ಣದ್ರವ್ಯದ ಪರಿಮಾಣ ಮತ್ತು ಗುಣಗಳಲ್ಲಿ ಮಾತ್ರ ಭೇದ. ಒಂದೊಂದು ವರ್ಣಕೋಶವೂ ತನ್ನ ಸುತ್ತಲಿನ ಹತ್ತಾರು ಕೋಶಗಳಿಗೆ ಈ ದ್ರವ್ಯವನ್ನು ಹಂಚುತ್ತದೆ. ಪಡೆದ ಕೋಶವು ಅದನ್ನು ತನ್ನ ನಡುವಣ ಬೀಜಭಾಗದ ಮೇಲೆ, ಸೂರ್ಯನಿರುವ ಕಡೆಗೆ, ಕೊಡೆಯಂತೆ ಬಿಚ್ಚಿಕೊಳ್ಳುತ್ತದೆ. ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳು ಕೋಶದ ಆನುವಂಶಿಕ ದ್ರವ್ಯವನ್ನು ಕೆಡಿಸದಂತೆ ಈ ಕೊಡೆ ತಡೆಯುವುದು. ನಮ್ಮ ಪೂರ್ವಿಕರು ನಮಗೆ ಬಿಟ್ಟುಹೋದ ಆಸ್ತಿಗಳಲ್ಲಿ ಇದೂ ಒಂದು.

ಈ ವರ್ಣಕೋಶಗಳೇ ಕೆಟ್ಟು ಕಟ್ಟಿಲ್ಲದೆ ಬೆಳೆಯತೊಡಗಿದರೆ ಅದರಿಂದಾಗುವ ಅರ್ಬುದಕ್ಕೆ ಮೆಲನೋಮ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ‘ಮೆಲಾಸ್’ ಎಂದರೆ ಕಪ್ಪು. ಹೃದಯದ ಬಡಿತವನ್ನು ಆಲಿಸುವ ನಳಿಗೆಯನ್ನು ಕಂಡುಹಿಡಿದ ಫ್ರಾನ್ಸಿನ ಲೆನೆಕ್ ಎಂಬ ವೈದ್ಯನು ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿಯೇ ಈ ಕಪ್ಪು ಗಂಟುಗಳನ್ನು ಬೇರೊಂದು ರೋಗವೆಂದು ಗುರುತಿಸಿದ್ದನು. ಚರ್ಮದ ಅರ್ಬುದಗಳಲ್ಲಿ ಇದು ಸಂಖ್ಯೆಯಿಂದ ಹೆಚ್ಚಿನದಲ್ಲ, ಕೇಡಿನಿಂದ ಹೆಚ್ಚಿನದು. ಮಿಕ್ಕ ಚರ್ಮದ ಅರ್ಬುದಗಳು ಬಹುಕಾಲ ಹುಟ್ಟಿದೆಡೆಯಲ್ಲಿಯೇ ಉಳಿಯುತ್ತವೆ. ಇದಾದರೋ ಕೆಳಗಿಳಿದು, ರಸನಾಳಗಳ ಮತ್ತು ರಕ್ತನಾಳಗಳ ದಾರಿ ಹಿಡಿದು, ಶ್ವಾಸಕೋಶ, ಯಕೃತ್ತು, ಮಿದುಳುಗಳವರೆಗೆ ಹೋಗಬಲ್ಲದು.

2022ನೆಯ ಇಸವಿಯ ಅಂದಾಜಿನಂತೆ ಲೋಕದಲ್ಲಿ ಆ ಒಂದು ವರ್ಷ ಸುಮಾರು 3 ಲಕ್ಷ 30 ಸಾವಿರ ಮಂದಿಗೆ ಈ ರೋಗ ಹೊಸದಾಗಿ ಕಂಡುಬಂದಿತು. ಅವರಲ್ಲಿ ಬಹುಪಾಲು ಯೂರೋಪು, ಉತ್ತರ ಅಮೆರಿಕ, ಆಸ್ಟ್ರೇಲಿಯಗಳ ಬಿಳಿಯ ಜನರು. ಆಸ್ಟ್ರೇಲಿಯದಲ್ಲಿ ಲಕ್ಷ ಜನಕ್ಕೆ ವರ್ಷಕ್ಕೆ ಮೂವತ್ತಕ್ಕೂ ಮಿಗಿಲಾಗಿ ಇದು ಕಾಣುತ್ತದೆ. ನಮ್ಮ ದೇಶದಲ್ಲಿ ಲಕ್ಷಕ್ಕೆ ಒಂದೂ ಇಲ್ಲ. ಆ ದೇಶದವರು 1981ರಿಂದ ಅಂಗಿ ತೊಡಿ, ಲೇಪ ಹಚ್ಚಿಕೊಳ್ಳಿ, ಟೋಪಿ ಹಾಕಿಕೊಳ್ಳಿ ಎಂದು ಮಕ್ಕಳಿಗೆ ಪದಕಟ್ಟಿ ಕಲಿಸುತ್ತ ಬಂದರು. ಅವರಿಗೆ ಅದು ತಕ್ಕ ಉಪದೇಶವೇ ಸರಿ. ಆದರೆ ಅದೇ ಉಪದೇಶವನ್ನು ನಾವು ಪತ್ರಿಕೆಗಳಿಂದಲೂ ಜಾಹೀರಾತುಗಳಿಂದಲೂ ಹಾಗೆಯೇ ಎತ್ತಿಕೊಂಡದ್ದರಿಂದ ನಮ್ಮ ವಿದ್ಯಾವಂತರಲ್ಲಿ ಎರಡು ತಪ್ಪು ತಿಳಿವಳಿಕೆಗಳು ನೆಲೆಗೊಂಡಿವೆ. ಮೊದಲನೆಯದು, ಇದು ಬಿಳಿಯರ ರೋಗ, ನಮಗೆ ಬಾರದು ಎಂಬುದು. ಎರಡನೆಯದು, ಬಂದರೂ ಬಿಸಿಲಿನಿಂದ ಬರುವುದು, ಆದ್ದರಿಂದ ಮುಖಕ್ಕೆ ಲೇಪ ಹಚ್ಚಿಕೊಂಡರೆ ಸಾಕು ಎಂಬುದು.

ನಿಜಸ್ಥಿತಿ ಬೇರೆ. ಬಿಳಿಯರಲ್ಲಿ ಮೆಲನೋಮ ಹೆಚ್ಚಾಗಿ ಏಳುವುದು ಬೆನ್ನು, ಮೊಣಕಾಲಿನ ಕೆಳಭಾಗ, ಮುಖ, ತೋಳು, ಎಂದರೆ ಬಿಸಿಲು ತಾಗುವ ಸ್ಥಳಗಳಲ್ಲಿ. ನಮ್ಮಂಥವರಲ್ಲಿ ಅದು ಏಳುವುದು ಬಹುಮಟ್ಟಿಗೆ ಬಿಸಿಲೇ ಕಾಣದ ಸ್ಥಳಗಳಲ್ಲಿ: ಅಂಗಾಲು, ಹಿಮ್ಮಡಿ, ಅಂಗೈ, ಉಗುರಿನ ಅಡಿ. ಈ ಬಗೆಯ ಮೆಲನೋಮವನ್ನು ಬೇರೆಯೇ ಒಂದು ವರ್ಗವೆಂದು ವೈದ್ಯರು ವಿಂಗಡಿಸಿದ್ದು 1976ರಲ್ಲಿ. ಗಮನಿಸಬೇಕಾದ ಮಾತೇನೆಂದರೆ, ಅಂಗಾಲಿನ ಮೆಲನೋಮವು ಬಿಳಿಯರಲ್ಲಿಯೂ ಕರಿಯರಲ್ಲಿಯೂ ಹೆಚ್ಚು ಕಡಿಮೆ ಒಂದೇ ಪ್ರಮಾಣದಲ್ಲಿ ಬರುತ್ತದೆ. ಬೆನ್ನಿನ ಮೇಲೆ ನಮ್ಮ ಬಣ್ಣ ನಮಗೆ ಕೊಡುವ ರಿಯಾಯಿತಿಯನ್ನು ಅಂಗಾಲಿನಲ್ಲಿ ಕೊಡುವುದಿಲ್ಲ. ಇದರ ಕಾರಣ ಇನ್ನೂ ಪೂರ್ತಿಯಾಗಿ ತಿಳಿದಿಲ್ಲ. ದೇಹದ ಭಾರ ಬೀಳುವ ಎಡೆಗಳಲ್ಲಿ, ಅಂದರೆ ಹಿಮ್ಮಡಿಯಲ್ಲಿ ಮತ್ತು ಬೆರಳಬುಡದಲ್ಲಿ, ಇದು ಹೆಚ್ಚಾಗಿ ಕಾಣುವುದರಿಂದ ಒತ್ತಡಕ್ಕೂ ಇದಕ್ಕೂ ಸಂಬಂಧವಿರಬಹುದೆಂದು ಕೆಲವರು ಶೋಧಕರು ಎಣಿಸಿದ್ದಾರೆ. ಬಿಸಿಲಿನ ಪಾತ್ರ ಇಲ್ಲಿ ಅಲ್ಪವೆಂಬುದು ಮಾತ್ರ ಒಪ್ಪಿತವಾದ ಸಂಗತಿ.

ಲೋಕಪ್ರಸಿದ್ಧವಾದ ಒಂದು ನಿದರ್ಶನವುಂಟು. ಜಮೈಕ ದ್ವೀಪದ ಗಾಯಕ ಬಾಬ್ ಮಾರ್ಲಿಯ ಕಾಲಿನ ಹೆಬ್ಬೆರಳ ಉಗುರಿನಡಿಯ ಗಾಯವು ಚೆಂಡಾಟದಲ್ಲಿ ಆದ ಪೆಟ್ಟೆಂದು ಎಣಿಸಲ್ಪಟ್ಟಿತ್ತು. 1977ರಲ್ಲಿ ಅದು ಮೆಲನೋಮವೆಂದು ಗೊತ್ತಾಯಿತು. ಬೆರಳನ್ನೇ ತೆಗೆಯಬೇಕೆಂದು ವೈದ್ಯರು ಹೇಳಿದರು. ಆತನು ಒಪ್ಪದೆ ಅದಕ್ಕಿಂತ ಚಿಕ್ಕ ಶಸ್ತ್ರಚಿಕಿತ್ಸೆ ನಡೆಯಿತು. 1981ರ ಮೇ ತಿಂಗಳಿನಲ್ಲಿ, ರೋಗವು ಮಿದುಳಿನವರೆಗೆ ಹರಡಿ, ಮೂವತ್ತಾರನೆಯ ವಯಸ್ಸಿನಲ್ಲಿ ಆತನು ತೀರಿಕೊಂಡನು. ಹಣಕ್ಕೂ ವೈದ್ಯರಿಗೂ ಕೊರತೆಯಿಲ್ಲದವನ ಗತಿಯೇ ಹೀಗಾದರೆ ಉಳಿದವರ ಪಾಡೇನು?

ಆ ಉಳಿದವರು ದೂರದವರಲ್ಲ. ಕೃಷ್ಣೆಗೂ ತುಂಗಭದ್ರೆಗೂ ನಡುವಣ ನಮ್ಮ ರಾಯಚೂರು ಸೀಮೆಯನ್ನೇ ತೆಗೆದುಕೊಳ್ಳಿರಿ. ಗುಂಜಹಳ್ಳಿಯಂಥ ಒಂದು ಊರಿನ ಒಕ್ಕಲಿಗನನ್ನೋ, ಮಾನ್ವಿಯ ಕಾಲುವೆಯ ಬಯಲಿನಲ್ಲಿ ದಿನವೆಲ್ಲ ಕೆಸರಿನಲ್ಲಿ ನಿಂತು ಭತ್ತ ನಾಟಿ ಮಾಡುವ ಹೆಂಗಸನ್ನೋ, ದೇವದುರ್ಗದ ಹತ್ತಿಯ ಹೊಲದಲ್ಲಿ ದುಡಿಯುವ ಕೂಲಿಯನ್ನೋ ನೆನೆಯಿರಿ. ಆ ಪಾದಕ್ಕೆ ಜಾಲಿಯ ಮುಳ್ಳು ಹೊಸದಲ್ಲ, ಒಡಕು ಹೊಸದಲ್ಲ, ಆಣಿ ಹೊಸದಲ್ಲ. ಅಂಗಾಲಿನಲ್ಲಿ ಒಂದು ಕಪ್ಪು ಕಲೆ ಕಾಣಿಸಿದರೆ ಒಳಗೆ ಮುಳ್ಳು ಮುರಿದಿದೆ ಎಂದು ಎಕ್ಕದ ಹಾಲು ಬಿಡುವರು. ಅದು ಗಟ್ಟಿಯಾದರೆ ಆಣಿಯೆಂದು ಬ್ಲೇಡಿನಿಂದ ಹೆರೆಯುವರು. ಉಬ್ಬಿದರೆ ನರುಳ್ಳೆಯೆಂದು ಕೂದಲು ಕಟ್ಟುವರು. ಹುಣ್ಣಾದರೆ ಸಕ್ಕರೆಕಾಯಿಲೆಯ ಹುಣ್ಣೆಂದು ಮುಲಾಮು ಹಚ್ಚುವರು. ಇಲ್ಲವೇ ಕಾಸಿದ ಕಬ್ಬಿಣದಿಂದ ಸುಡುವರು. ಹೀಗೆ ಒಂದೊಂದು ಹೆಸರಿನಲ್ಲಿ ಆರಾರು ತಿಂಗಳು ಕಳೆದುಹೋಗಿ, ತೊಡೆಯ ಸಂದಿನಲ್ಲಿ ಗಡ್ಡೆ ಎದ್ದ ಮೇಲೆ ಆಸ್ಪತ್ರೆಯ ದಾರಿ ಹಿಡಿಯುವರು. ನೋವಿಲ್ಲದಿರುವುದೇ ಈ ರೋಗದ ದೊಡ್ಡ ವಂಚನೆ. ನೋಯದ ಕಲೆಗಾಗಿ ಒಂದು ದಿನದ ಕೂಲಿಯನ್ನು ಯಾರು ಬಿಟ್ಟಾರು? ಇದು ಹಳ್ಳಿಯವರ ಅಜ್ಞಾನವೆಂದು ನಾವು ಮೂಗು ಮುರಿಯಬೇಕಾದುದಿಲ್ಲ. ಪಟ್ಟಣದಲ್ಲಿ ಬೂಟಿನೊಳಗೆ ಪಾದವನ್ನು ಮುಚ್ಚಿಟ್ಟುಕೊಂಡಿರುವ ನಮ್ಮಲ್ಲಿ ಎಷ್ಟು ಮಂದಿ ತಮ್ಮ ಅಂಗಾಲನ್ನು ಈ ತಿಂಗಳಲ್ಲಿ ನೋಡಿಕೊಂಡಿದ್ದಾರೆ?

ಹಾಗಾದರೆ ನೋಡಬೇಕಾದುದೇನು? ಕಪ್ಪುಮೈಯ ಜನರ ಅಂಗಾಲಿನಲ್ಲಿ ಕಂದುಬಣ್ಣದ ಸಣ್ಣ ಕಲೆಗಳಿರುವುದು ಸಹಜ. ಹಲವು ಉಗುರುಗಳಲ್ಲಿ ಉದ್ದನೆಯ ತೆಳುವಾದ ಗೆರೆಗಳಿರುವುದೂ ಸಹಜ. ಇವನ್ನು ಕಂಡು ಬೆದರಬೇಕಾಗಿಲ್ಲ. ಅಂಗಾಲಿನಲ್ಲಿಯೋ ಅಂಗೈಯಲ್ಲಿಯೋ ಹೊಸದಾಗಿ ಕಾಣಿಸಿದ ಕಲೆ, ಅಥವಾ ಹಳೆಯದೇ ಆದರೂ ಈಚೆಗೆ ಹರಡುತ್ತಿರುವ ಕಲೆ. ಒಂದು ಕಡೆ ಕಂದು, ಒಂದು ಕಡೆ ಕಪ್ಪು, ಮತ್ತೊಂದು ಕಡೆ ಬೂದಿ ಹೀಗೆ ಬಣ್ಣ ಬೆರೆತ ಕಲೆ. ಅಂಚು ನೀರಿನಲ್ಲಿ ಚೆಲ್ಲಿದ ಮಸಿಯಂತೆ ಅಂಕುಡೊಂಕಾದದ್ದು. ಪೆನ್ಸಿಲಿನ ಹಿಂತುದಿಗಿಂತ, ಎಂದರೆ 6 ಮಿಲಿಮೀಟರಿಗಿಂತ, ಅಗಲವಾದದ್ದು. ಕಾರಣವಿಲ್ಲದೆ ರಕ್ತ ಒಸರುವಂಥದು. ಎರಡು ತಿಂಗಳಾದರೂ ಮಾಯದ ಹುಣ್ಣು — ಇವುಗಳಲ್ಲಿ ಯಾವುದೊಂದಿದ್ದರೂ ವೈದ್ಯನಿಗೆ ತೋರಿಸತಕ್ಕದ್ದು. ಕೆಲವು ವೇಳೆ ಈ ರೋಗವು ಕಪ್ಪಾಗಿರದೆ ಕೆಂಪು ಮಾಂಸದ ಗುಳ್ಳೆಯಂತೆಯೂ ಬರುವುದುಂಟು. ಆದ್ದರಿಂದ ಬಣ್ಣಕ್ಕಿಂತಲೂ ಬದಲಾವಣೆಯೇ ಮುಖ್ಯ ಲಕ್ಷಣ.

ಉಗುರಿನ ವಿಷಯ ಸ್ವಲ್ಪ ಬೇರೆ. ಒಂದೇ ಒಂದು ಉಗುರಿನಲ್ಲಿ, ಅದರಲ್ಲಿಯೂ ಹೆಬ್ಬೆರಳಿನಲ್ಲಿ, ವಯಸ್ಸಾದ ಮೇಲೆ ಹೊಸದಾಗಿ ಕಪ್ಪುಗೆರೆ ಮೂಡಿ, ಬುಡದಲ್ಲಿ ಅಗಲವಾಗುತ್ತ ಬಂದು, ಆ ಮಸಿ ಉಗುರನ್ನು ದಾಟಿ ಪಕ್ಕದ ಚರ್ಮಕ್ಕೆ ಹಬ್ಬಿದರೆ ಅದು ಅಪಾಯದ ಗುರುತು. ಲಂಡನ್ನಿನ ಜೊನಾಥನ್ ಹಚಿನ್ಸನ್ ಎಂಬ ಶಸ್ತ್ರವೈದ್ಯನು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಇದನ್ನು ವರ್ಣಿಸಿ ‘ಕಪ್ಪು ಉಗುರುಸುತ್ತು’ ಎಂಬರ್ಥದ ಹೆಸರಿಟ್ಟನು. ಆ ಗುರುತನ್ನು ಇಂದಿಗೂ ಆತನ ಹೆಸರಿನಿಂದಲೇ ಕರೆಯುತ್ತಾರೆ. ಪೆಟ್ಟಿನಿಂದ ಉಗುರಿನಡಿ ಹೆಪ್ಪುಗಟ್ಟಿದ ರಕ್ತವು ಉಗುರು ಬೆಳೆದಂತೆ ಮುಂದಕ್ಕೆ ಸರಿದು ಹೋಗುತ್ತದೆ, ಮೆಲನೋಮವು ಸರಿಯುವುದಿಲ್ಲ. ಇನ್ನು ಬಾಯಿಯ ಅಂಗುಳಿನಲ್ಲಿ ಮೂಡುವ ಕಪ್ಪು ಮಚ್ಚೆಯನ್ನೂ, ಮೂಲವ್ಯಾಧಿಯೆಂದು ತಾವೇ ತೀರ್ಮಾನಿಸಿಕೊಂಡ ಗುದದ ರಕ್ತಸ್ರಾವವನ್ನೂ ಪರೀಕ್ಷೆ ಮಾಡಿಸದೆ ಬಿಡಬಾರದು. ಅಲ್ಲಿಯೂ ವರ್ಣಕೋಶಗಳಿವೆ, ಅಲ್ಲಿಯೂ ಈ ರೋಗ ಬರುತ್ತದೆ.

ಅಂಗೈ ಅಂಗಾಲುಗಳನ್ನು ನೋಡಿಕೊಳ್ಳುವುದಕ್ಕೆ ನಮ್ಮ ಸೀಮೆಯಲ್ಲಿ ಇನ್ನೂ ಒಂದು ಕಾರಣವುಂಟು. ನೆರೆಯ ಯಾದಗಿರಿ ಜಿಲ್ಲೆಯ ಸುರಪುರ ಸೀಮೆಯಲ್ಲಿ, ಹಿಂದೆ ಚಿನ್ನದ ಗಣಿಯಿದ್ದ ಮಂಗಳೂರೆಂಬ ಊರಿನ ಬಳಿ, ಕಿರದಳ್ಳಿ ತಾಂಡಾ ಎಂಬ ಪುಟ್ಟ ವಸತಿಯಿದೆ. ಅಲ್ಲಿಯ ಕೊಳವೆಬಾವಿಗಳ ನೀರಿನಲ್ಲಿ ಆರ್ಸೆನಿಕ್, ಎಂದರೆ ಪಾಷಾಣದ ಅಂಶವು ಮಿತಿಮೀರಿ ಸೇರಿರುವುದಾಗಿ 2013ರಲ್ಲಿ ಪ್ರಕಟವಾದ ಶೋಧನೆಯೊಂದು ತಿಳಿಸಿತು. ಲೀಟರು ನೀರಿಗೆ 10 ಮೈಕ್ರೋಗ್ರಾಮು ಮಿತಿಯಾಗಿದ್ದರೆ, ಅಲ್ಲಿ 300ನ್ನು ಮೀರಿದ ನೀರೂ ಇತ್ತು. ಪರೀಕ್ಷಿಸಿದ 181 ಮಂದಿಯಲ್ಲಿ ಅರ್ಧಕ್ಕಿಂತ ಹೆಚ್ಚಿನವರ ಚರ್ಮದಲ್ಲಿ ಆ ವಿಷದ ಗುರುತುಗಳಿದ್ದವು. ಇದು ಮೆಲನೋಮವಲ್ಲ, ಪಾಷಾಣವು ತರುವುದು ಚರ್ಮದ ಬೇರೆ ಜಾತಿಯ ಅರ್ಬುದ. ಆದರೆ ಅದರ ಮೊದಲ ಬರವಣಿಗೆಯೂ ಅಂಗೈ ಅಂಗಾಲುಗಳ ಮೇಲೆಯೇ: ಮರಳಿನ ಕಾಳಿನಂತೆ, ಆಣಿಯಂತೆ, ಎರಡು ಅಂಗೈಗಳಲ್ಲಿಯೂ ಎರಡು ಅಂಗಾಲುಗಳಲ್ಲಿಯೂ ಒಟ್ಟಿಗೆ ಏಳುವ ಒರಟು ಗಂಟುಗಳು; ಎದೆ ಬೆನ್ನುಗಳ ಮೇಲೆ ಮಳೆಹನಿ ಬಿದ್ದಂತೆ ಚುಕ್ಕೆಗಳು. ಒಂದೇ ಬಾವಿಯ ನೀರು ಕುಡಿಯುವ ಹಲವರಿಗೆ ಹೀಗಾದರೆ ದೇಹದ ಜೊತೆಗೆ ನೀರನ್ನೂ ಪರೀಕ್ಷೆಗೆ ಕಳುಹಿಸತಕ್ಕದ್ದು.

ಬಿಸಿಲಿನಿಂದ ನಮಗೆ ಭಯವೇ ಇಲ್ಲವೇ ಎಂದು ನೀವು ಕೇಳಬಹುದು. ಕೆಲವರಿಗೆ ಬಲವಾಗಿಯೇ ಇದೆ. ಹುಟ್ಟಿನಿಂದಲೇ ಮೈಯಲ್ಲಿ ಬಣ್ಣವಿಲ್ಲದ ಮಕ್ಕಳಿಗೆ ಆ ಕೊಡೆಯೇ ಇಲ್ಲ. ಅವರು ನಮ್ಮ ನಡುಬೇಸಿಗೆಯಲ್ಲಿ ಬರಿಮೈಯಲ್ಲಿ ತಿರುಗುವುದು ಕೆಂಡದ ಮೇಲೆ ನಡೆದಂತೆ. ಬಿಸಿಲಿನ ಹಾನಿಯನ್ನು ಸರಿಪಡಿಸಿಕೊಳ್ಳುವ ಶಕ್ತಿಯೇ ಜೀವಕೋಶಗಳಲ್ಲಿ ಇಲ್ಲದ, ಕ್ಸೆರೋಡರ್ಮ ಎಂದು ವೈದ್ಯರು ಕರೆಯುವ ಇನ್ನೊಂದು ವ್ಯಾಧಿಯುಂಟು. ಎಳೆಯ ಕೂಸಿನ ಮುಖದಲ್ಲಿ, ಎರಡು ವರ್ಷ ತುಂಬುವ ಮೊದಲೇ, ಎಳ್ಳು ಚೆಲ್ಲಿದಂತೆ ಚುಕ್ಕೆಗಳು ಮೂಡುತ್ತವೆ. ಕಣ್ಣು ಬೆಳಕನ್ನು ತಾಳದು. ಹತ್ತು ವರ್ಷದ ಪ್ರಾಯಕ್ಕೆಲ್ಲ ಚರ್ಮದ ಅರ್ಬುದಗಳು ಏಳಬಹುದು, ಮೆಲನೋಮವೂ ಅವುಗಳಲ್ಲಿ ಒಂದು. ತಾಯಿ ತಂದೆ ಇಬ್ಬರಿಂದಲೂ ದೋಷವು ಬಂದರೆ ಮಾತ್ರ ಕಾಣುವ ವ್ಯಾಧಿ ಇದಾದುದರಿಂದ, ಸೋದರಮಾವನಿಗೂ ಅತ್ತೆಯ ಮಗನಿಗೂ ಹೆಣ್ಣು ಕೊಡುವ ಕುಲಗಳಲ್ಲಿ ಇದರ ಸಂಭವ ಹೆಚ್ಚು. ಇಂಥ ಮಕ್ಕಳಿಗೆ ನೆರಳು, ಮೈತುಂಬ ಬಟ್ಟೆ, ಟೋಪಿ, ಕಪ್ಪು ಕನ್ನಡಕ, ಲೇಪ ಇವೆಲ್ಲ ಔಷಧವೇ. ಮಿಕ್ಕವರಿಗೆ ನಮ್ಮ ಹಿರಿಯರ ರುಮಾಲು, ತಲೆಯ ಮೇಲಿನ ಸೆರಗು, ನಡುಹಗಲಿನ ಮರದ ನೆರಳು ಸಾಕಷ್ಟು ರಕ್ಷೆ ಕೊಡುತ್ತವೆ. ಅಂಗಡಿಯ ಲೇಪವು ಅಂಗಾಲನ್ನು ಕಾಯಲಾರದು ಎಂಬುದು ನೆನಪಿನಲ್ಲಿದ್ದರೆ ಸರಿ.

ಇನ್ನು ಚಿಕಿತ್ಸೆ. ಈ ರೋಗದಲ್ಲಿ ರೋಗಿಯ ಆಯುಸ್ಸನ್ನು ಅಳೆಯುವ ಕೋಲು ಬಹಳ ಚಿಕ್ಕದು. ಅಲೆಕ್ಸಾಂಡರ್ ಬ್ರೆಸ್ಲೋ ಎಂಬ ಅಮೆರಿಕದ ವೈದ್ಯನು 1970ರಲ್ಲಿ, ಮಚ್ಚೆಯ ಅಗಲಕ್ಕಿಂತ ಅದು ಚರ್ಮದೊಳಗೆ ಎಷ್ಟು ಇಳಿದಿದೆ ಎಂಬ ದಪ್ಪವೇ ಮುಖ್ಯವೆಂದು ತೋರಿಸಿಕೊಟ್ಟನು. ಒಂದು ಮಿಲಿಮೀಟರಿಗಿಂತ ತೆಳುವಾಗಿರುವಾಗಲೇ ತೆಗೆಸಿಕೊಂಡವರಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಹೆಚ್ಚು ಮಂದಿಯನ್ನು ಐದು ವರ್ಷಗಳ ಮೇಲೂ ಈ ರೋಗ ಕೊಲ್ಲಲಾರದು. ನಾಲ್ಕು ಮಿಲಿಮೀಟರನ್ನು ಮೀರಿದರೆ ಆ ಭರವಸೆ ಬಹಳ ಕುಗ್ಗುತ್ತದೆ. ಒಂದಕ್ಕೂ ನಾಲ್ಕಕ್ಕೂ ನಡುವಣ ಅಂತರ ಎಷ್ಟು? ಒಂದು ಅಕ್ಕಿಕಾಳಿನ ಉದ್ದಕ್ಕಿಂತಲೂ ಕಡಿಮೆ. ಆಣಿಯೆಂದು ಹೆರೆಯುತ್ತ ಕಳೆದ ತಿಂಗಳುಗಳಲ್ಲಿ ರೋಗವು ನಡೆಯುವ ದೂರ ಇಷ್ಟೇ.

ಸಂಶಯವಿದ್ದ ಮಚ್ಚೆಯನ್ನು ಸಾಧ್ಯವಾದರೆ ಪೂರ್ತಿಯಾಗಿ ತೆಗೆದು ಸೂಕ್ಷ್ಮದರ್ಶಕದ ಕೆಳಗೆ ನೋಡುವುದು ಮೊದಲ ಹೆಜ್ಜೆ. ಇದಕ್ಕೆ ಬಯಾಪ್ಸಿ ಎಂದು ಹೆಸರು. ಸುಟ್ಟರೆ ಅಥವಾ ಹೆರೆದರೆ ದಪ್ಪವನ್ನು ಅಳೆಯುವ ಅವಕಾಶವೇ ಹೋಗುತ್ತದೆ. ಬಯಾಪ್ಸಿ ಮಾಡಿಸಿದರೆ ರೋಗ ಕೆರಳಿ ಹರಡುತ್ತದೆಂಬ ನಂಬಿಕೆ ನಮ್ಮಲ್ಲಿದೆ, ಅದಕ್ಕೆ ಆಧಾರವಿಲ್ಲ. ರೋಗ ಖಚಿತವಾದ ಮೇಲೆ, ದಪ್ಪವನ್ನು ಅನುಸರಿಸಿ, ಸುತ್ತಲೂ ಒಂದರಿಂದ ಎರಡು ಸೆಂಟಿಮೀಟರು ಒಳ್ಳೆಯ ಚರ್ಮವನ್ನು ಸೇರಿಸಿ ತೆಗೆಯುವರು. ಉಗುರಿನದಾದರೆ ಕೆಲವು ವೇಳೆ ಬೆರಳಿನ ಭಾಗ ಹೋಗಬಹುದು. ರೋಗವು ಹೊರಡುವುದಾದರೆ ಮೊದಲು ತಂಗುವ ಗ್ರಂಥಿಯೊಂದು ತೊಡೆಯ ಸಂದಿನಲ್ಲಿಯೋ ಕಂಕುಳಲ್ಲಿಯೋ ಇರುತ್ತದೆ. ಅದನ್ನು ಬಣ್ಣದ ದ್ರವದಿಂದ ಗುರುತಿಸಿ ಅದೊಂದನ್ನೇ ತೆಗೆದು ಪರೀಕ್ಷಿಸುವ ಕ್ರಮವನ್ನು ಡೊನಾಲ್ಡ್ ಮಾರ್ಟನ್ ಎಂಬ ಶಸ್ತ್ರವೈದ್ಯನು 1992ರಲ್ಲಿ ಪ್ರಕಟಿಸಿದನು. ಊರ ಬಾಗಿಲಿನ ಕಾವಲುಗಾರನನ್ನು ವಿಚಾರಿಸಿದರೆ ಕಳ್ಳನು ಒಳಹೊಕ್ಕನೋ ಇಲ್ಲವೋ ತಿಳಿಯುವಂತೆ, ಈ ಒಂದು ಗ್ರಂಥಿಯಿಂದ ರೋಗದ ಪಯಣ ತಿಳಿಯುವುದು.

ರೋಗವು ದೂರದ ಅಂಗಗಳಿಗೆ ಹರಡಿದ ಮೇಲೆ 2011ಕ್ಕೆ ಮುಂಚೆ ವೈದ್ಯರ ಕೈಯಲ್ಲಿ ಹೆಚ್ಚೇನೂ ಇರಲಿಲ್ಲ; ಬಹುಮಂದಿ ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದರು. ಆ ವರ್ಷದಿಂದೀಚೆಗೆ ಬಂದ ಹೊಸ ಔಷಧಗಳು ಅರ್ಬುದವನ್ನು ನೇರವಾಗಿ ಸುಡುವುದಿಲ್ಲ. ದೇಹದ ಸ್ವಂತ ರಕ್ಷಣಾಸೈನ್ಯಕ್ಕೆ ಬಿದ್ದಿರುವ ಕಡಿವಾಣವನ್ನು ಸಡಿಲಿಸಿ ಅದನ್ನೇ ಯುದ್ಧಕ್ಕೆ ಬಿಡುತ್ತವೆ. ಈ ಕಡಿವಾಣದ ಗುಟ್ಟನ್ನು ಕಂಡುಹಿಡಿದ ಅಮೆರಿಕದ ಜೇಮ್ಸ್ ಆಲಿಸನ್, ಜಪಾನಿನ ತಸುಕು ಹೊಂಜೊ ಇವರಿಗೆ 2018ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಇಂಥ ಎರಡು ಔಷಧಗಳನ್ನು ಕೂಡಿಸಿ ಪಡೆದ ರೋಗಿಗಳಲ್ಲಿ 100ಕ್ಕೆ 40ಕ್ಕಿಂತ ಹೆಚ್ಚು ಮಂದಿ ಹತ್ತು ವರ್ಷಗಳ ಮೇಲೂ ಬದುಕಿದ್ದರೆಂದು 2024ರಲ್ಲಿ ಪ್ರಕಟವಾಯಿತು. ಇದು ಸಾಮಾನ್ಯವಾದ ಸಾಧನೆಯಲ್ಲ. ಆದರೆ ಎರಡು ಮಾತುಗಳನ್ನು ಮರೆಯಬಾರದು. ಈ ಔಷಧಗಳು ಅಂಗಾಲಿನ ಮೆಲನೋಮದಲ್ಲಿ ಬಿಳಿಯರ ಬೆನ್ನಿನ ಮೆಲನೋಮದಲ್ಲಿ ಫಲಿಸುವಷ್ಟು ಫಲಿಸುವುದಿಲ್ಲ. ಅವುಗಳ ಬೆಲೆಯೋ, ಮಧ್ಯಮ ವರ್ಗದ ಸಂಸಾರವನ್ನೇ ನೆಲಕ್ಕೆ ತರುವಂಥದು. ಅಂಗಾಲನ್ನು ನೋಡಿಕೊಳ್ಳುವುದಕ್ಕೆ ಮಾತ್ರ ಕಾಸಿನ ಖರ್ಚಿಲ್ಲ.

ತೋರಿಸುವುದೆಲ್ಲಿ? ರಾಯಚೂರಿನಲ್ಲಿ ಸರ್ಕಾರದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯುಂಟು. ಚರ್ಮವೈದ್ಯರೂ ಶಸ್ತ್ರವೈದ್ಯರೂ ಅಲ್ಲಿ ದೊರೆಯುತ್ತಾರೆ. ಮುಂದಿನ ಚಿಕಿತ್ಸೆಗೆ ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸಂಸ್ಥೆಯೂ, ನಮಗೆ ಅದಕ್ಕಿಂತ ಹತ್ತಿರವಾದ ಹೈದರಾಬಾದಿನಲ್ಲಿ ಮೆಹದಿ ನವಾಜ್ ಜಂಗರ ಹೆಸರಿನ ಅರ್ಬುದದ ಆಸ್ಪತ್ರೆಯೂ ಇವೆ. ಬಡ ಸಂಸಾರಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯ ವೆಚ್ಚವನ್ನು ವಹಿಸಿಕೊಳ್ಳುವ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆ 2018ರಲ್ಲಿ ಆರಂಭವಾಯಿತು. ಕಾಗದಪತ್ರಗಳನ್ನು ಹೊಂದಿಸುವ ಬಗೆ ತಿಳಿಯದೆ ಹಿಂದೆಗೆಯುವವರಿಗೆ ಓದುಬರಹ ಬಲ್ಲವನೊಬ್ಬನು ಜೊತೆಗೆ ಹೋದರೆ ಅದೇ ದೊಡ್ಡ ಉಪಕಾರ.

ತಿಂಗಳಿಗೊಮ್ಮೆ, ಅಭ್ಯಂಜನದ ದಿನವೇ ಆಗಲಿ, ಮಿಂದು ಬೆಳಕಿನಲ್ಲಿ ಕುಳಿತು ಎರಡು ಅಂಗಾಲುಗಳನ್ನೂ, ಬೆರಳುಗಳ ಸಂದುಗಳನ್ನೂ, ಇಪ್ಪತ್ತು ಉಗುರುಗಳನ್ನೂ ನೋಡಿಕೊಳ್ಳಿರಿ. ಕಾಣದಿದ್ದರೆ ಕೆಳಗೊಂದು ಕನ್ನಡಿ ಹಿಡಿಯಿರಿ. ಉಗುರಿನ ಬಣ್ಣವನ್ನು ಆ ದಿನವಾದರೂ ಅಳಿಸಿರಿ. ಸಕ್ಕರೆಕಾಯಿಲೆಯವರಿಗೆ ಈ ಅಭ್ಯಾಸ ಹೇಗೂ ಬೇಕೇ ಬೇಕು. ಬಗ್ಗಲಾರದ ವೃದ್ಧರ ಪಾದವನ್ನು ಮನೆಯ ಕಿರಿಯರು ನೋಡಬೇಕು. ಹಬ್ಬಹುಣ್ಣಿಮೆಗಳಲ್ಲಿ ಹಿರಿಯರ ಪಾದಕ್ಕೆ ಎರಗುವ ನಾವು ಆ ಪಾದದ ಮೇಲ್ಭಾಗವನ್ನಷ್ಟೇ ಬಲ್ಲೆವು, ಅಡಿಯನ್ನು ಕಂಡವರಲ್ಲ. ನಮ್ಮ ಮನೆಯ ಕೆಲಸಕ್ಕೆ ಬರುವಾಕೆಯ, ಹೊಲವನ್ನು ನೋಡಿಕೊಳ್ಳುವ ಆಳಿನ ಪಾದಗಳ ವಿಷಯದಲ್ಲಿಯೂ ಒಂದು ಮಾತು ಕೇಳಿರಿ. ಕಪ್ಪು ಮಚ್ಚೆಯೊಂದು ಬದಲಾಗುತ್ತಿದ್ದರೆ, ಬ್ಲೇಡು ಬೇಡ, ಎಕ್ಕದ ಹಾಲು ಬೇಡ, ಬರೆ ಬೇಡ. ಆ ವಾರದೊಳಗೆ ಆಸ್ಪತ್ರೆಗೆ ನಡೆಯಲಿ ಎಂದು ಹೇಳಿರಿ. ಅದು ಕಡೆಗೆ ಆಣಿಯೇ ಆಗಿದ್ದರೆ ಒಂದು ದಿನದ ಕೂಲಿ ಹೋದೀತು. ಆಣಿಯಾಗದಿದ್ದರೆ ಒಂದು ಜೀವ ಉಳಿದೀತು.